ಲೇಯರ್ ಮಾಸ್ಕ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ಗಂಗಾವತಿ, ಸಿಂಧನೂರು, ಬಳ್ಳಾರಿ ಕಡೆಯ ಸ್ಟುಡಿಯೋ ಹುಡುಗರು, ಫ್ಲೆಕ್ಸ್ ಡಿಸೈನ್ ಮಾಡುವವರು, ಹವ್ಯಾಸಕ್ಕೆ ಕ್ಯಾಮೆರಾ ಹಿಡಿದ ಮೇಷ್ಟ್ರುಗಳು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಫೋಟೋಶಾಪ್‌ನ ಲೇಯರ್ ಮಾಸ್ಕ್ ಬಗ್ಗೆಯೇ ಇರುತ್ತವೆ. ಲೇಯರ್ ಅಂದರೆ ಒಂದರ ಮೇಲೊಂದು ಇಡುವ ಚಿತ್ರದ ಪದರ, ಅದರ ಬೇಡದ ಭಾಗವನ್ನು ಮರೆ ಮಾಡುವುದೇ ಮಾಸ್ಕ್. ಹೆಚ್ಚಿನವರು ಸ್ಕ್ರೀನಿನ ಫೋಟೋ ಹೊಡೆದು ವಾಟ್ಸಾಪ್ ಮಾಡುತ್ತಾರೆ. ಆದರೆ ಲೇಯರ್ ಪ್ಯಾನೆಲ್ ಮಾತ್ರ ಆ ಫೋಟೋದಲ್ಲಿ ಬಂದಿರುವುದಿಲ್ಲ. ತೊಂದರೆ ಕೂತಿರೋದು ಅಲ್ಲೇ ಅಲ್ವಾ! ಅದಕ್ಕೇ ಮೊದಲೇ ಹೇಳಿಬಿಡ್ತೀನಿ: ಚಿತ್ರ ನೋಡಿ ಊಹೆ ಮಾಡಬೇಡಿ. ಪ್ಯಾನೆಲ್ ನೋಡಿ, ಮಾಸ್ಕನ್ನೇ ತೆರೆದು ನೋಡಿ.

ಕೀಗಳೆಲ್ಲ ವಿಂಡೋಸ್‌ನಲ್ಲಿ ಓಡುವ ಫೋಟೋಶಾಪ್‌ಗೆ ಬರೆದಿದ್ದೇನೆ. ಮ್ಯಾಕ್ ಇದ್ದವರು ಕಂಟ್ರೋಲ್ ಬದಲು ಕಮಾಂಡ್, ಆಲ್ಟ್ ಬದಲು ಆಪ್ಶನ್ ಒತ್ತಿ.

## ಶುರುವಿನ ಪ್ರಶ್ನೆಗಳು

ಎರೇಸರ್ ಇರುವಾಗ ಈ ಮಾಸ್ಕ್ ಯಾಕ್ರೀ ಬೇಕು?

ಎರೇಸರ್ ಅಳಿಸಿಬಿಡುತ್ತದೆ. ಮಾಸ್ಕ್ ಮರೆ ಮಾಡುತ್ತದೆ, ಅಷ್ಟೇ. ಮದುವೆಯಲ್ಲಿ ವಧು ವರರ ನಡುವೆ ಅಂತರಪಟ ಹಿಡಿಯುತ್ತಾರಲ್ಲ, ಹಾಗೆ. ಪಟದ ಹಿಂದೆ ಮನುಷ್ಯರು ಇದ್ದೇ ಇರುತ್ತಾರೆ, ಸರಿಸಿದರೆ ಕಾಣುತ್ತಾರೆ.

ಆಲ್ಬಮ್ ಕೆಲಸದಲ್ಲಿ ಇದರ ಬೆಲೆ ಗೊತ್ತಾಗೋದು ಗಿರಾಕಿ ವಾಪಸ್ ಬಂದಾಗ. 'ನಮ್ಮ ಸೋದರಮಾವನ್ನ ಯಾಕೆ ತೆಗೆದ್ರಿ, ಮತ್ತೆ ಹಾಕ್ರಿ' ಅಂದರೆ ಮಾಸ್ಕ್ ಇದ್ದವರು ಬಿಳಿ ಬ್ರಶ್ ಹೊಡೆದು ಚಹಾ ಬರುವಷ್ಟರಲ್ಲಿ ಮುಗಿಸುತ್ತಾರೆ. ಎರೇಸರ್ ಬಳಸಿದವರು ಮೂಲ ಫೋಟೋ ಯಾವ ಫೋಲ್ಡರ್‌ನಲ್ಲಿದೆ ಅಂತ ಹುಡುಕುತ್ತಾರೆ. ಹಿಸ್ಟರಿ ಪ್ಯಾನೆಲ್ ನಂಬಿಕೊಂಡು ಕೂರುವಂತಿಲ್ಲ, ಫೈಲ್ ಮುಚ್ಚಿದರೆ ಅದೂ ಹೋಯಿತು.

ಬಿಳಿ ತೋರಿಸ್ತದೋ, ಕಪ್ಪು ತೋರಿಸ್ತದೋ? ಪ್ರತಿ ಸಲ ಗೊಂದಲ.

ಬಿಳಿ ತೋರಿಸುತ್ತದೆ, ಕಪ್ಪು ಮುಚ್ಚುತ್ತದೆ, ಬೂದು ಅರೆಬರೆ ತೋರಿಸುತ್ತದೆ. ಬೇರೆ ಬಣ್ಣಕ್ಕೆ ಇಲ್ಲಿ ಜಾಗವೇ ಇಲ್ಲ. ಡಿ ಕೀ ಒತ್ತಿದರೆ ಕಪ್ಪು ಬಿಳಿ ಬರುತ್ತವೆ, ಎಕ್ಸ್ ಒತ್ತಿದರೆ ಅದಲು ಬದಲಾಗುತ್ತವೆ. ಎಡಗೈ ಎಕ್ಸ್ ಮೇಲೇ ಇರಲಿ.

ಕಪ್ಪು ಬ್ರಶ್ ಹೊಡೆದ್ರ ಮರೆಯಾಗೂ ಬದ್ಲು ಫೋಟೋ ಮ್ಯಾಲೇ ಕಪ್ಪು ಗೆರಿ ಬೀಳ್ತೈತಿ. ಏನ್ ಮಾಡ್ಲಿ?

ನೀವು ಮಾಸ್ಕ್ ಮೇಲೆ ಅಲ್ಲ, ಫೋಟೋ ಮೇಲೇ ಬಳಿಯುತ್ತಿದ್ದೀರಿ. ಮೊದಲು ಕಂಟ್ರೋಲ್ ಝಡ್ ಒತ್ತಿ. ಆಮೇಲೆ ಲೇಯರ್ ಪ್ಯಾನೆಲ್‌ನಲ್ಲಿ ಎರಡು ಪುಟ್ಟ ಚಿತ್ರಗಳನ್ನು ನೋಡಿ. ಎಡಗಡೆಯದು ಫೋಟೋ, ಬಲಗಡೆಯದು ಮಾಸ್ಕ್. ಯಾವುದರ ಸುತ್ತ ತೆಳ್ಳಗಿನ ಚೌಕಟ್ಟು ಇದೆಯೋ ಬ್ರಶ್ ಅದರ ಮೇಲೆ ಬೀಳುತ್ತದೆ. ಮಾಸ್ಕ್ ಮೇಲೆ ಒಂದು ಕ್ಲಿಕ್ ಮಾಡಿ, ಚೌಕಟ್ಟು ಅಲ್ಲಿಗೆ ಹೋಗುತ್ತದೆ.

ಆ ಚೌಕಟ್ಟು ಸಣ್ಣದು, ಕಣ್ಣಿಗೆ ಬೀಳಲ್ಲ ಅನ್ನುವವರಿಗೆ ಇನ್ನೆರಡು ಗುರುತು. ಮಾಸ್ಕ್ ಮೇಲಿದ್ದಾಗ ಕಿಟಕಿಯ ಮೇಲಿನ ಟ್ಯಾಬ್‌ನಲ್ಲಿ ಫೈಲ್ ಹೆಸರಿನ ಜೊತೆ 'ಲೇಯರ್ ಮಾಸ್ಕ್' ಅಂತ ಬರುತ್ತದೆ. ಟೂಲ್‌ಬಾರ್‌ನಲ್ಲಿ ನೀವು ಕೆಂಪು ಆರಿಸಿದ್ದರೂ ಅದು ಬೂದಾಗಿ ಕಾಣುತ್ತದೆ. ಕೆಂಪು ಕೆಂಪಾಗಿಯೇ ಇದ್ದರೆ ನೀವಿನ್ನೂ ಫೋಟೋ ಮೇಲೇ ಇದ್ದೀರಿ.

ಬ್ರಶ್ ಎಷ್ಟು ಉಜ್ಜಿದ್ರೂ ಏನೂ ಆಗ್ತಿಲ್ಲ ಸರ್.

ಮೊದಲು ಕಂಟ್ರೋಲ್ ಡಿ ಒತ್ತಿ. ಎಲ್ಲೋ ಮೂಲೆಯಲ್ಲಿ ಒಂದು ಸೆಲೆಕ್ಷನ್ (ಆರಿಸಿಟ್ಟ ಜಾಗ) ಉಳಿದಿದ್ದರೆ ಬ್ರಶ್ ಅದರ ಆಚೆ ಕೆಲಸ ಮಾಡಲ್ಲ. ಕಂಟ್ರೋಲ್ ಎಚ್ ಒತ್ತಿ ಓಡಾಡುವ ಗೆರೆಗಳನ್ನು ಮುಚ್ಚಿಟ್ಟಿದ್ದರಂತೂ ಸೆಲೆಕ್ಷನ್ ಇದೆ ಅಂತಲೇ ತಿಳಿಯಲ್ಲ. ನಾನು ನೋಡಿದ ಕೇಸುಗಳಲ್ಲಿ ಇದೇ ಜಾಸ್ತಿ.

ಅಲ್ಲಿ ಏನೂ ಇಲ್ಲದಿದ್ದರೆ ಮೇಲಿನ ಪಟ್ಟಿಗೆ ಹೋಗಿ. ಬ್ರಶ್‌ನ ಮೋಡ್ ನಾರ್ಮಲ್ ಇರಬೇಕು. ಅಪಾಸಿಟಿ (ಬಣ್ಣ ಎಷ್ಟು ಗಟ್ಟಿ), ಫ್ಲೋ (ಬಣ್ಣ ಎಷ್ಟೆಷ್ಟು ಬೀಳುತ್ತದೆ) ಎರಡನ್ನೂ ನೋಡಿ. ಬ್ರಶ್ ಕೈಯಲ್ಲಿದ್ದಾಗ ಗೊತ್ತಿಲ್ಲದೆ 1 ಒತ್ತಿದರೆ ಅಪಾಸಿಟಿ 10%ಗೆ ಇಳಿದಿರುತ್ತದೆ, 0 ಒತ್ತಿದರೆ 100%ಗೆ ಬರುತ್ತದೆ. ಬಿಳಿ ಮಾಸ್ಕ್ ಮೇಲೆ ಬಿಳಿ ಹೊಡೆದರೂ ಏನೂ ಕಾಣಲ್ಲ ಅನ್ನೋದು ಹೇಳಲೇಬೇಕು, ಯಾಕಂದ್ರೆ ಅನುಭವಸ್ಥರೂ ಇಲ್ಲಿ ಬೀಳುತ್ತಾರೆ. ಕೊನೆಗೆ, ಅದೇ ಫೋಟೋದ ಇನ್ನೊಂದು ಕಾಪಿ ಕೆಳಗಿನ ಲೇಯರ್‌ನಲ್ಲಿ ಇದೆಯಾ? ಹಾಗಿದ್ದರೆ ಮೇಲಿನದು ಮರೆಯಾಗುತ್ತಿದೆ, ಕೆಳಗಿನದು ಕಾಣುತ್ತಿದೆ. ಕಣ್ಣಿನ ಗುರುತು ಒತ್ತಿ ಕೆಳಗಿನದನ್ನು ಬಂದ್ ಮಾಡಿ ನೋಡಿ.

ಮಾಸ್ಕ್ ಬಟನ್ ಒತ್ತಿದ ಕೂಡಲೇ ಇಡೀ ಲೇಯರ್ರೇ ಮಾಯ ಆಯ್ತು!

ಲೇಯರ್ ಪ್ಯಾನೆಲ್ ಕೆಳಗಿನ ಮಾಸ್ಕ್ ಬಟನ್ನನ್ನು ಆಲ್ಟ್ ಹಿಡಿದುಕೊಂಡು ಒತ್ತಿದ್ದೀರಿ, ಕಪ್ಪು ಮಾಸ್ಕ್ ಬಂದಿದೆ. ಕಂಟ್ರೋಲ್ ಐ ಒತ್ತಿದರೆ ಬಿಳಿಯಾಗುತ್ತದೆ. ಒಂದು ಚೂರು ಮಾತ್ರ ಉಳಿದು ಮಿಕ್ಕಿದ್ದೆಲ್ಲ ಹೋಗಿದ್ದರೆ ಆ ಹೊತ್ತಿಗೆ ಸೆಲೆಕ್ಷನ್ ಇತ್ತು ಅಂತ ಅರ್ಥ. ಸೆಲೆಕ್ಟ್ ಆದಷ್ಟು ಬಿಳಿ, ಉಳಿದದ್ದು ಕಪ್ಪು.

ಇಡೀ ಫೋಟೋ ಕೆಂಪಗಾಗಿದೆ. ಇನ್ನೊಂದು ಸಲ ಬರೀ ಕಪ್ಪು ಬಿಳುಪು ಬಂತು. ಸಾಫ್ಟ್‌ವೇರ್ ಕೆಟ್ಟಿದೆಯಾ?

ಕೆಟ್ಟಿಲ್ಲ, ನೀವು ಮಾಸ್ಕನ್ನು ನೋಡುವ ಕೀಗಳನ್ನು ಗೊತ್ತಿಲ್ಲದೆ ಒತ್ತಿದ್ದೀರಿ. ಎಂಟರ್ ಹತ್ತಿರದ ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಮುಚ್ಚಿದ ಭಾಗದ ಮೇಲೆ ಕೆಂಪು ಬರುತ್ತದೆ. ಆಲ್ಟ್ ಒತ್ತಿ ಮಾಸ್ಕ್ ಕ್ಲಿಕ್ ಮಾಡಿದರೆ ಮಾಸ್ಕ್ ಒಂದೇ ತುಂಬು ಪರದೆಯಲ್ಲಿ ಕಾಣುತ್ತದೆ. ಶಿಫ್ಟ್ ಒತ್ತಿ ಕ್ಲಿಕ್ ಮಾಡಿದರೆ ಮಾಸ್ಕ್ ಬಂದ್ ಆಗಿ ಅದರ ಮೇಲೆ ಕೆಂಪು ಗುಣಾಕಾರ ಚಿಹ್ನೆ ಬೀಳುತ್ತದೆ. ಅದೇ ಕೀ ಮತ್ತೊಮ್ಮೆ ಒತ್ತಿದರೆ ಎಲ್ಲ ಮೊದಲಿನಂತೆ.

ಹೆದರಿಸಿದ ಈ ಕೀಗಳನ್ನೇ ಇನ್ನು ಮುಂದೆ ಬೇಕಂತಲೇ ಒತ್ತಿ. ಆಲ್ಟ್ ಕ್ಲಿಕ್ ಮಾಡಿ ಒಂದು ಮದುವೆ ಫೋಟೋದ ಮಾಸ್ಕ್ ನೋಡಿ. ಬಿಳಿ ಇರಬೇಕಾದ ವಧುವಿನ ಭುಜದ ಮೇಲೆ ಬೂದು ಮಚ್ಚೆಗಳು. ಕಪ್ಪು ಇರಬೇಕಾದ ಹಿನ್ನೆಲೆಯಲ್ಲಿ ಬ್ರಶ್ ತಪ್ಪಿಸಿಕೊಂಡ ಬಿಳಿ ಚುಕ್ಕೆಗಳು. ಮಂಡಿ ಹತ್ತಿರ ರೇಷ್ಮೆ ಸೀರೆ ಅರ್ಧ ಕರಗಿದಂತೆ ಒಂದು ಮಬ್ಬು ತೇಪೆ. ಚಿತ್ರದಲ್ಲಿ ಇದು ಯಾವುದೂ ಕಾಣುತ್ತಿರಲಿಲ್ಲ, ಯಾಕೆಂದರೆ ಹಿಂದಿನ ಬ್ಯಾಕ್‌ಗ್ರೌಂಡ್ ತಿಳಿ ಬಣ್ಣದ್ದು. ಗಿರಾಕಿ ಕಡುನೀಲಿ ಬ್ಯಾಕ್‌ಗ್ರೌಂಡ್ ಕೇಳಿದ ದಿನ ಎಲ್ಲ ಎದ್ದು ಬರುತ್ತವೆ. ಈ ನೋಟದಲ್ಲೇ ಕಪ್ಪು ಬಿಳಿ ಬ್ರಶ್ ಹಿಡಿದು ಒರೆಸಿಬಿಡಬಹುದು.

ನಮ್ಮ ಹತ್ರ ಫೋಟೋಶಾಪ್ ಇಲ್ಲ. ಇದೆಲ್ಲ ಬೇರೆ ಕಡೆ ಆಗುತ್ತಾ?

ಆಗುತ್ತದೆ. ಫೋಟೋಪೀ ಬ್ರೌಸರ್‌ನಲ್ಲೇ ಓಡುತ್ತದೆ, ಪಿಎಸ್‌ಡಿ ಅನ್ನುವ ಫೋಟೋಶಾಪ್ ಫೈಲನ್ನು ಮಾಸ್ಕ್ ಸಮೇತ ತೆರೆಯುತ್ತದೆ, ಕೀಗಳೂ ಬಹುಪಾಲು ಅವೇ. ಗಿಂಪ್ ಉಚಿತ. ಅದರಲ್ಲಿ ಮಾಸ್ಕ್ ಸೇರಿಸುವಾಗಲೇ ಬಿಳಿ ಬೇಕಾ ಕಪ್ಪು ಬೇಕಾ ಅಂತ ಕೇಳುತ್ತದೆ, ಒಳ್ಳೆಯದೇ. ಆದರೆ ಗಿಂಪ್‌ನಲ್ಲಿ ಮಾಸ್ಕ್ ಬಂದ್ ಮಾಡಲು ಶಿಫ್ಟ್ ಅಲ್ಲ, ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಬೇಕು. ಆಲ್ಟ್ ಕ್ಲಿಕ್ ಮಾತ್ರ ಎರಡೂ ಕಡೆ ಒಂದೇ.

## ಅಂಚಿನ ತಕರಾರುಗಳು

ಕಟ್ ಮಾಡಿದ ಮೇಲೆ ಮೈ ಸುತ್ತ ಬಿಳಿ ಗೆರೆ ಉಳಿಯುತ್ತೆ. ಎಷ್ಟು ಮಾಡಿದ್ರೂ ಹೋಗಲ್ಲ.

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಮ್ಮ ಕಡೆ ಹೊರಗೆ ತೆಗೆದ ಫೋಟೋಗಳಲ್ಲಂತೂ ಕೇಳಲೇಬೇಡಿ. ಏಪ್ರಿಲ್, ಮೇ ಬಿಸಿಲಿಗೆ ರಾಯಚೂರಿನ ಆಕಾಶ ಕ್ಯಾಮೆರಾದಲ್ಲಿ ನೀಲಿಯಾಗಿ ಬರೋದೇ ಇಲ್ಲ, ಪೂರ್ತಿ ಬೆಳ್ಳಗೆ ಸುಟ್ಟುಹೋಗುತ್ತದೆ. ಅಂಚಿನ ಪಿಕ್ಸೆಲ್‌ಗಳಲ್ಲಿ ಅರ್ಧ ಮನುಷ್ಯ, ಅರ್ಧ ಆ ಬಿಳಿ ಆಕಾಶ ಬೆರೆತಿರುತ್ತದೆ. ಮಾಸ್ಕ್ ಎಷ್ಟೇ ಚೆನ್ನಾಗಿದ್ದರೂ ಬೆರೆತ ಬಣ್ಣ ಹೋಗಲ್ಲ. ಹಾಗಾಗಿ ಎರಡು ದಾರಿ: ಅಂಚನ್ನು ಸ್ವಲ್ಪ ಒಳಗೆ ತಳ್ಳಿ, ಇಲ್ಲವೇ ಅಂಚಿನ ಬಣ್ಣ ಬದಲಿಸಿ.

ಒಳಗೆ ತಳ್ಳಲು ನನಗೆ ಇಷ್ಟವಾದದ್ದು ಮಿನಿಮಮ್ ಫಿಲ್ಟರ್. ಮಾಸ್ಕ್ ಆರಿಸಿಕೊಂಡು ಫಿಲ್ಟರ್ ಮೆನುವಿನ ಅದರ್ ಒಳಗೆ ಹೋಗಿ, ರೇಡಿಯಸ್ 1 ಪಿಕ್ಸೆಲ್ ಕೊಡಿ. ಬಿಳಿ ಭಾಗ ಸುತ್ತಲೂ ಒಂದು ಪಿಕ್ಸೆಲ್ ಕುಗ್ಗುತ್ತದೆ. ದೊಡ್ಡ ಫೈಲ್ ಆದರೆ 2. ಅದಕ್ಕಿಂತ ಮುಂದೆ ಹೋದರೆ ಬೆರಳುಗಳು ಸಪೂರ ಆಗುತ್ತವೆ, ಬಳೆ ಅರ್ಧ ಹೋಗುತ್ತದೆ. ಸೆಲೆಕ್ಟ್ ಆಂಡ್ ಮಾಸ್ಕ್ ಕಿಟಕಿಯ ಶಿಫ್ಟ್ ಎಡ್ಜ್ ಅನ್ನು ಮೈನಸ್ ಕಡೆ ಎಳೆದರೂ ಇದೇ ಕೆಲಸ.

ಬಣ್ಣ ಬದಲಿಸೋದು ಹೀಗೆ: ಆ ಲೇಯರ್ ಮೇಲೆ ಒಂದು ಖಾಲಿ ಲೇಯರ್ ಹಾಕಿ, ಕಂಟ್ರೋಲ್ ಆಲ್ಟ್ ಜಿ ಒತ್ತಿ ಕೆಳಗಿನದಕ್ಕೆ ಕ್ಲಿಪ್ ಮಾಡಿ. ಅಂಚಿನ ಪಕ್ಕದಲ್ಲೇ, ಸ್ವಲ್ಪ ಒಳಗಿನ ಬಣ್ಣವನ್ನು ಆಲ್ಟ್ ಒತ್ತಿ ತೆಗೆದುಕೊಂಡು ಮೆತ್ತನೆ ಬ್ರಶ್‌ನಿಂದ ಬಿಳಿ ಗೆರೆಯ ಮೇಲೆ ಎಳೆಯಿರಿ. ಆಚೆ ಚೆಲ್ಲುವ ಭಯ ಇಲ್ಲ, ಮಾಸ್ಕ್ ಒಳಗಷ್ಟೇ ಕಾಣುತ್ತದೆ. ನಿಧಾನ, ಆದರೆ ಮುಖದ ಪಕ್ಕ ಇದರಷ್ಟು ಚೆನ್ನಾಗಿ ಬೇರೇನೂ ಕೂರಲ್ಲ. ಡಿಕಂಟ್ಯಾಮಿನೇಟ್ ಕಲರ್ಸ್ ಇದನ್ನೇ ತಾನಾಗಿ ಮಾಡುತ್ತದೆ. ಆದರೆ ಅದು ಪಿಕ್ಸೆಲ್ ಬಣ್ಣವನ್ನೇ ಬದಲಿಸುತ್ತದೆ. ಅದಕ್ಕೇ ಹೊಸ ಲೇಯರ್‌ನಲ್ಲಿ ಕೊಡುತ್ತದೆ, ಹಳೆಯದನ್ನು ಡಿಲೀಟ್ ಮಾಡಬೇಡಿ.

ಕೂದಲು, ತಲೆಗೆ ಮುಡಿದ ಮಲ್ಲಿಗೆ, ಇವನ್ನ ಹೆಂಗ್ ಬಿಡಿಸೋದು?

ಕೂದಲಿಗೆ ಮೊದಲು ಸೆಲೆಕ್ಟ್ ಸಬ್ಜೆಕ್ಟ್, ಆಮೇಲೆ ಸೆಲೆಕ್ಟ್ ಆಂಡ್ ಮಾಸ್ಕ್ ಒಳಗೆ ರಿಫೈನ್ ಎಡ್ಜ್ ಬ್ರಶ್. ಈ ಬ್ರಶ್ ಕೂದಲಿನ ಅಂಚಿಗೆ ಮಾತ್ರ. ಬೈತಲೆಬೊಟ್ಟು, ಝುಮಕಿ, ಭುಜ ಇವುಗಳ ಮೇಲೆ ಓಡಿಸಿದರೆ ಗಟ್ಟಿ ಅಂಚೂ ಮಬ್ಬಾಗುತ್ತದೆ.

ಅಲ್ಲೂ ಆಗದಿದ್ದರೆ ಹಳೇ ವಿದ್ಯೆ ಇದೆಯಲ್ಲ, ಚಾನೆಲ್. ಅಂದರೆ ಫೋಟೋದ ಕೆಂಪು, ಹಸಿರು, ನೀಲಿ ಭಾಗಗಳನ್ನು ಬೇರೆ ಬೇರೆಯಾಗಿ ಕಪ್ಪು ಬಿಳುಪಿನಲ್ಲಿ ನೋಡೋದು. ಕಪ್ಪು ಕೂದಲು, ತಿಳಿ ಹಿನ್ನೆಲೆ ಇದ್ದರೆ ಬಹಳ ಸಲ ಬ್ಲೂ ಚಾನೆಲ್‌ನಲ್ಲಿ ಎರಡರ ನಡುವೆ ವ್ಯತ್ಯಾಸ ಜಾಸ್ತಿ ಕಾಣುತ್ತದೆ. ಅದನ್ನು ಡೂಪ್ಲಿಕೇಟ್ ಮಾಡಿ, ಲೆವೆಲ್ಸ್‌ನಿಂದ ಕಪ್ಪು ಇನ್ನೂ ಕಪ್ಪು, ಬಿಳಿ ಇನ್ನೂ ಬಿಳಿ ಮಾಡಿ. ಉಳಿದ ಬೂದಿಗೆ ಬ್ರಶ್ ಮೋಡ್ ಓವರ್‌ಲೇ ಇಟ್ಟು ಹೊಡೆಯಿರಿ. ಓವರ್‌ಲೇಯಲ್ಲಿ ಕಪ್ಪು ಬ್ರಶ್ ಪೂರ್ತಿ ಬಿಳಿ ಇದ್ದ ಜಾಗವನ್ನು ಮುಟ್ಟಲ್ಲ, ಬೂದನ್ನು ಮಾತ್ರ ಕಪ್ಪು ಮಾಡುತ್ತದೆ. ಎಳೆಗಳು ಹಾಗೇ ಉಳಿಯುತ್ತವೆ. ಕೊನೆಗೆ ಕಂಟ್ರೋಲ್ ಐ ಒತ್ತಿ ತಿರುಗಿಸಿ. ಮುಖ, ಬಟ್ಟೆ ಇರುವಲ್ಲಿ ಬಿಳಿ ತುಂಬಿ. ಕಂಟ್ರೋಲ್ ಒತ್ತಿ ಚಾನೆಲ್ ಕ್ಲಿಕ್ ಮಾಡಿ ಸೆಲೆಕ್ಷನ್ ತಂದು ಮಾಸ್ಕ್ ಹಾಕಿ.

ಬಿಳಿ ಗೋಡೆ ಮುಂದೆ ಬಿಳಿ ಮಲ್ಲಿಗೆ ಇದ್ದರೆ ಯಾವ ಟೂಲೂ ಬಿಡಿಸಿಕೊಡಲ್ಲ. ಗಟ್ಟಿ ಬ್ರಶ್ ಹಿಡಿದು ಕೈಯಲ್ಲೇ ಹೂವಿನ ಆಕಾರ ಬರೆಯಿರಿ. ಇನ್ನೊಂದು ಮಾತು: 12×36 ಇಂಚಿನ ಆಲ್ಬಮ್ ಹಾಳೆಯಲ್ಲಿ ಜನ ಇಡೀ ಕುಟುಂಬ ನೋಡುತ್ತಾರೆ, ಒಂದೊಂದು ಕೂದಲು ಎಣಿಸಲ್ಲ. ಹಾರಾಡುವ ನಾಲ್ಕು ಎಳೆ ಬಿಟ್ಟುಬಿಟ್ಟರೆ ಏನೂ ಮುಳುಗಲ್ಲ.

ಇಟಗಿ ಮಹಾದೇವ ಗುಡಿಯ ಫೋಟೋಗೆ ಬೇರೆ ಆಕಾಶ ಹಾಕಿದೆ. ಶಿಖರ ಕತ್ತರಿಸಿ ಅಂಟಿಸಿದ ಹಾಗೆ ಕಾಣ್ತಿದೆ.

1112ರ ಆ ಗುಡಿಯ ಶಿಖರದಲ್ಲಿ ನೇರ ಗೆರೆ ಅನ್ನೋದು ಎಲ್ಲಿದೆ ಹೇಳಿ! ಬಳಪದ ಕಲ್ಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಳಗೆ ಹೊರಗೆ ಹೋಗುವ ಕೆತ್ತನೆ. ಪಾಲಿಗಾನಲ್ ಲಾಸೊ ಹಿಡಿದು ಸುತ್ತು ಹಾಕಿದರೆ ಆ ಹಲ್ಲುಗಳೆಲ್ಲ ಸವೆದುಹೋಗುತ್ತವೆ. ಮೇಲೆ ಅಂಚು ಮೆತ್ತಗಾಗಲಿ ಅಂತ 5 ಪಿಕ್ಸೆಲ್ ಫೆದರ್ ಬೇರೆ ಕೊಟ್ಟಿರುತ್ತೀರಿ, ಕಲ್ಲು ಹತ್ತಿಯಂತಾಗಿರುತ್ತದೆ.

ಮೂಲ ಆಕಾಶ ಬೆಳ್ಳಗೆ ಸುಟ್ಟಿದ್ದರೆ ಅಂಚು ಕತ್ತರಿಸುವ ಕೆಲಸವೇ ಬೇಡ. ಮೋಡದ ಫೋಟೋವನ್ನು ಗುಡಿಯ ಲೇಯರ್ ಮೇಲಿಟ್ಟು ಬ್ಲೆಂಡ್ ಮೋಡ್ ಮಲ್ಟಿಪ್ಲೈ ಮಾಡಿ. ಬಿಳಿ ಇದ್ದ ಕಡೆ ಮೋಡ ಪೂರ್ತಿ ಕೂರುತ್ತದೆ, ಕಪ್ಪು ಕಲ್ಲಿನ ಮೇಲೆ ಅಷ್ಟಾಗಿ ಕಾಣಲ್ಲ. ಕೆತ್ತನೆಯ ಒಂದೊಂದು ಹಲ್ಲೂ ಹಾಗೇ ಉಳಿಯುತ್ತದೆ. ಆಮೇಲೆ ಮೋಡದ ಲೇಯರ್‌ಗೆ ಮಾಸ್ಕ್ ಹಾಕಿ, ಗುಡಿಯ ಮೈ ಮೇಲೆ ಮಾತ್ರ ಮೆತ್ತನೆ ಕಪ್ಪು ಬ್ರಶ್ ಆಡಿಸಿ. ಅಂಚಿನ ಹತ್ತಿರ ಹೋಗಬೇಡಿ. ಒರಟು ಮಾಸ್ಕ್ ಸಾಕು.

ಮೂಲ ಆಕಾಶ ನೀಲಿ ಇದ್ದರೆ ಈ ಉಪಾಯ ನಡೆಯಲ್ಲ, ನೀಲಿ ಮೇಲೆ ಮೋಡ ಸೇರಿ ಕೊಳಕಾಗುತ್ತದೆ. ಆಗ ಸೆಲೆಕ್ಷನ್ ಮಾಡಲೇಬೇಕು. ಪ್ರಾಪರ್ಟೀಸ್ ಪ್ಯಾನೆಲ್‌ನಲ್ಲಿ ಫೆದರ್ 0.5ರಿಂದ 1 ಪಿಕ್ಸೆಲ್ ಇಡಿ. ಅಲ್ಲಿ ಕೊಟ್ಟ ಫೆದರ್ ಯಾವಾಗ ಬೇಕಾದರೂ ಸೊನ್ನೆಗೆ ತರಬಹುದು. ಇನ್ನು ಬಿಸಿಲು ಎಡಗಡೆಯಿಂದ ಬಿದ್ದ ಗುಡಿಗೆ ಬಲಗಡೆ ಸೂರ್ಯ ಇರುವ ಆಕಾಶ ಹಾಕಿದರೆ ಮಾಸ್ಕ್ ಏನೂ ಮಾಡಲಾರದು.

ಜೀನ್ಸ್ ಪ್ಯಾಂಟಿನ ಕ್ಯಾಟಲಾಗ್ ಮಾಡ್ತಿದ್ದೀನಿ. ಅಂಚು ಅಂಕುಡೊಂಕು ಬರ್ತಿದೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರ ಕೆಲಸ ಹಿಡಿದವರೆಲ್ಲ ಕೇಳುವ ಪ್ರಶ್ನೆ. ಇಂಥ ಗಟ್ಟಿ ಅಂಚಿಗೆ ಬ್ರಶ್ ಬೇಡ, ಪೆನ್ ಟೂಲ್‌ನಿಂದ ಪಾತ್ ಎಳೆದು ಕಂಟ್ರೋಲ್ ಒತ್ತಿ ಮಾಸ್ಕ್ ಬಟನ್ ಕ್ಲಿಕ್ ಮಾಡಿ. ವೆಕ್ಟರ್ ಮಾಸ್ಕ್ ಬರುತ್ತದೆ. ಎಷ್ಟು ದೊಡ್ಡದು ಮಾಡಿದರೂ ಅದರ ಗೆರೆ ಒಡೆಯಲ್ಲ. ಹೊಲಿಗೆ ಬಿಚ್ಚಿ ಎಳೆ ಬಿಟ್ಟ ಅಂಚಿನ ಮಾದರಿ ಇದ್ದರೆ ಆ ತುದಿಗಷ್ಟೇ ಮಾಮೂಲಿ ಮಾಸ್ಕ್ ಸೇರಿಸಿ. ಒಂದೇ ಲೇಯರ್‌ಗೆ ಎರಡೂ ಇರಬಹುದು.

## ಸರಿದಾಡುವ ಮಾಸ್ಕ್, ಕಾಣೆಯಾಗುವ ಮಾಸ್ಕ್

ಫೋಟೋ ಸರಿಸಿದ್ರ ಮಾಸ್ಕೂ ಜೊತಿಗೇ ಸರೀತೈತಿ. ಫ್ರೇಮ್ ಅಲ್ಲೇ ನಿಂದ್ರಬೇಕು.

ಎರಡು ಪುಟ್ಟ ಚಿತ್ರಗಳ ನಡುವೆ ಸರಪಳಿ ಗುರುತು ಇದೆ. ಅದನ್ನು ಕ್ಲಿಕ್ ಮಾಡಿ ತೆಗೆಯಿರಿ. ಫೋಟೋ ಆರಿಸಿ ಸರಿಸಿದರೆ ಫೋಟೋ ಮಾತ್ರ ಸರಿಯುತ್ತದೆ. ಕೆಲಸ ಆದ ಮೇಲೆ ಸರಪಳಿ ಮತ್ತೆ ಹಾಕಿ, ಇಲ್ಲದಿದ್ದರೆ ಇಡೀ ಪುಟ ಜೋಡಿಸುವಾಗ ಫೋಟೋ ಒಂದು ಕಡೆ, ಮಾಸ್ಕ್ ಒಂದು ಕಡೆ ಆಗುತ್ತದೆ.

ಒಂದೇ ಮಾಸ್ಕನ್ನ ಮೂರು ಲೇಯರ್‌ಗೆ ಕಾಪಿ ಮಾಡಿದೆ. ಅಂಚಿನಲ್ಲಿ ಏನೋ ದಪ್ಪ ಗೆರೆ ಬರ್ತಿದೆ.

ಆಲ್ಟ್ ಒತ್ತಿ ಎಳೆದರೆ ಮಾಸ್ಕ್ ಕಾಪಿ ಆಗುತ್ತದೆ, ಸರಿ. ಆದರೆ ಅಂಚಿನ ಬೂದು 50% ಇದ್ದರೆ, ಒಂದರ ಮೇಲೊಂದು ಎರಡು ಲೇಯರ್ ಸೇರಿ 75% ಮುಚ್ಚುತ್ತವೆ, ಮೂರಾದರೆ ಇನ್ನೂ ಜಾಸ್ತಿ. ಮೆತ್ತಗಿನ ಅಂಚು ಗಟ್ಟಿಯಾಗಿ ಕಾಣೋದು ಅದಕ್ಕೇ. ಮೂರನ್ನೂ ಆರಿಸಿ ಕಂಟ್ರೋಲ್ ಜಿ ಒತ್ತಿ ಗ್ರೂಪ್ ಮಾಡಿ. ಮಾಸ್ಕ್ ಗ್ರೂಪಿಗೆ ಒಂದೇ ಸಲ ಹಾಕಿ.

ಮಾಸ್ಕನ್ನ ಡಿಲೀಟ್ ಮಾಡೋಕೆ ಹೋದ್ರೆ 'ಅಪ್ಲೈ' ಅಂತ ಕೇಳುತ್ತೆ. ಏನು ಒತ್ತಲಿ?

ಅಪ್ಲೈ ಒತ್ತಿದರೆ ಮರೆಯಾಗಿದ್ದ ಭಾಗ ನಿಜವಾಗಿಯೂ ಅಳಿಸಿಹೋಗುತ್ತದೆ. ಡಿಲೀಟ್ ಒತ್ತಿದರೆ ಮಾಸ್ಕ್ ಹೋಗಿ ಪೂರ್ತಿ ಫೋಟೋ ವಾಪಸ್ ಬರುತ್ತದೆ.

ನಿನ್ನೆ ಮಾಸ್ಕ್ ಇತ್ತು, ಇವತ್ತು ಫೈಲ್ ತೆರೆದ್ರೆ ಲೇಯರೂ ಇಲ್ಲ.

ಜೆಪಿಜಿ ಆಗಿ ಸೇವ್ ಮಾಡಿದ್ದೀರಿ. ಅದರಿಂದ ಮಾಸ್ಕ್ ವಾಪಸ್ ತರುವ ದಾರಿ ಇಲ್ಲ. ಪಿಎನ್‌ಜಿ ಕೂಡ ಖಾಲಿ ಹಿನ್ನೆಲೆಯನ್ನು ಉಳಿಸುತ್ತದೆ, ಮಾಸ್ಕನ್ನಲ್ಲ. ಪಿಎಸ್‌ಡಿ ಇಲ್ಲವೇ ಲೇಯರ್ ಸಮೇತ ಟಿಫ್ ಇಟ್ಟುಕೊಳ್ಳಿ. ಗಿಂಪ್‌ನಲ್ಲಿ ಎಕ್ಸ್‌ಸಿಎಫ್.

ಗವಿಮಠದ ಜಾತ್ರೆ ಹತ್ತಿರ ಬಂದಾಗ ದೊಡ್ಡ ಬ್ಯಾನರ್ ಮಾಡುವವರಿಗೆ ಇನ್ನೊಂದು ತೊಡಕು. ಪಿಎಸ್‌ಡಿಗೆ ಒಂದು ಬದಿ 30,000 ಪಿಕ್ಸೆಲ್, ಗಾತ್ರ 2 ಜಿಬಿ ಮಿತಿ. 40 ಅಡಿ ಅಂದರೆ 480 ಇಂಚು. ಇಂಚಿಗೆ 72 ಪಿಕ್ಸೆಲ್ ರೆಸಲ್ಯೂಶನ್‌ಗೆ 34,560 ಪಿಕ್ಸೆಲ್ ಆಯಿತು, ಮಿತಿ ದಾಟಿತು. ಆಗ ಲಾರ್ಜ್ ಡಾಕ್ಯುಮೆಂಟ್, ಅಂದರೆ ಪಿಎಸ್‌ಬಿ ಆಗಿ ಸೇವ್ ಮಾಡಿ. ಅಥವಾ ಅರ್ಧ ಅಳತೆಯಲ್ಲಿ ಡಿಸೈನ್ ಮಾಡಿ, ಪ್ರಿಂಟ್ ಹಾಕುವವರಿಗೆ ಹೇಳಿ. ಎತ್ತರದಲ್ಲಿ ಕಟ್ಟುವ ಬ್ಯಾನರ್‌ಗೆ ಇದೇ ಸಾಕು.

## ಕೈ ಪಳಗಿದವರ ಪ್ರಶ್ನೆಗಳು

ಮುಖ ಮಾತ್ರ ಬೆಳಕು ಮಾಡ್ಬೇಕು. ಕರ್ವ್ಸ್ ಹಾಕಿದ್ರೆ ಇಡೀ ಪುಟಕ್ಕೇ ಹತ್ತುತ್ತೆ.

ಕರ್ವ್ಸ್‌ನಂಥ, ಬೆಳಕು ಬಣ್ಣ ತಿದ್ದುವ ಅಡ್ಜಸ್ಟ್‌ಮೆಂಟ್ ಲೇಯರ್ ತನ್ನ ಕೆಳಗಿನ ಎಲ್ಲದಕ್ಕೂ ಹತ್ತುತ್ತದೆ. ಒಂದು ಫೋಟೋಗಷ್ಟೇ ಬೇಕಾದರೆ ಅದಕ್ಕೆ ಕ್ಲಿಪ್ ಮಾಡಿ. ಆ ಫೋಟೋದಲ್ಲೂ ಮುಖಕ್ಕಷ್ಟೇ ಅಂದರೆ, ಕರ್ವ್ಸ್ ಜೊತೆ ಬಂದ ಬಿಳಿ ಮಾಸ್ಕನ್ನು ಕಂಟ್ರೋಲ್ ಐ ಒತ್ತಿ ಕಪ್ಪು ಮಾಡಿ. ಮೆತ್ತನೆ ಬಿಳಿ ಬ್ರಶ್, ಫ್ಲೋ 10%. ಸ್ವಲ್ಪ ಸ್ವಲ್ಪವೇ ತುಂಬಿ. ಕತ್ತು, ಕಿವಿ ಮರೆಯಬೇಡಿ, ಮುಖವಾಡ ಹಾಕಿದಂತೆ ಕಾಣುತ್ತದೆ.

'ಬೆಳ್ಳಗೆ ಮಾಡ್ರಿ' ಅನ್ನೋ ಬೇಡಿಕೆ ಬಗ್ಗೆ ನನ್ನದೊಂದು ಅಭಿಪ್ರಾಯ: ಕಣ್ಣ ಕೆಳಗಿನ ನೆರಳು ಎತ್ತಿ, ಚರ್ಮದ ಬಣ್ಣ ಬಿಡಿ. ಮುಖ ಸುಣ್ಣ, ಕೈ ಗೋಧಿ ಬಣ್ಣ ಇರುವ ಮದುಮಕ್ಕಳನ್ನು ಆಲ್ಬಮ್‌ಗಳಲ್ಲಿ ಸಾಕಷ್ಟು ನೋಡಿದ್ದೇವೆ.

ಗ್ರೇಡಿಯಂಟ್‌ನಿಂದ ಎರಡು ಫೋಟೋ ಬೆರೆಸಿದೆ. ಪ್ರಿಂಟ್‌ನಲ್ಲಿ ಪಟ್ಟೆ ಪಟ್ಟೆ.

8 ಬಿಟ್ ಮಾಸ್ಕ್‌ನಲ್ಲಿ ಕಪ್ಪಿನಿಂದ ಬಿಳಿಗೆ 256 ಮೆಟ್ಟಿಲು ಮಾತ್ರ. ಅದನ್ನು ಅಗಲವಾದ ಬ್ಯಾನರ್ ಮೇಲೆ ಎಳೆದರೆ ಮೆಟ್ಟಿಲು ಕಾಣುತ್ತವೆ. ಮಾಸ್ಕ್ ಆರಿಸಿ ಆಡ್ ನಾಯ್ಸ್ 1% ಕೊಡಿ. ಇಲ್ಲವೇ ಶುರುವಿನಲ್ಲೇ 16 ಬಿಟ್‌ನಲ್ಲಿ ಕೆಲಸ ಮಾಡಿ. ಇನ್ನು ಎರಡನೇ ಸಲ ಎಳೆದಾಗ ಹಳೇ ಗ್ರೇಡಿಯಂಟ್ ಹೋಗದೆ ಅದರ ಮೇಲೇ ಸೇರಿಕೊಳ್ಳುತ್ತಿದ್ದರೆ ನೀವು ಆರಿಸಿರೋದು ಪಾರದರ್ಶಕ ಗ್ರೇಡಿಯಂಟ್. ಕಪ್ಪು ಬಿಳಿ ಇರುವುದನ್ನು ಆರಿಸಿ.

ಡ್ರಾಪ್ ಶ್ಯಾಡೋ ಹಾಕಿದ್ರೆ ಮಾಸ್ಕ್ ಮಾಡಿದ ಅಂಚಿಗೂ ನೆರಳು ಬರುತ್ತೆ. ಬೇಡ.

ಬ್ಲೆಂಡಿಂಗ್ ಆಪ್ಶನ್ಸ್ ತೆರೆದು 'ಲೇಯರ್ ಮಾಸ್ಕ್ ಹೈಡ್ಸ್ ಎಫೆಕ್ಟ್ಸ್' ಟಿಕ್ ಮಾಡಿ.

ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ಬ್ಲರ್ ಕೊಟ್ಟೆ. ಈಗ ಎರಡು ಮಾಸ್ಕ್ ಕಾಣ್ತಿವೆ, ಯಾವುದರ ಮೇಲೆ ಹೊಡೆಯಲಿ?

ಫೋಟೋ ಪಕ್ಕದ್ದು ಲೇಯರ್ ಮಾಸ್ಕ್, ಅದರಲ್ಲಿ ಕಪ್ಪು ಹೊಡೆದರೆ ಫೋಟೋನೇ ಹೋಗುತ್ತದೆ. ಸ್ಮಾರ್ಟ್ ಫಿಲ್ಟರ್ಸ್ ಅನ್ನುವ ಸಾಲಿನಲ್ಲಿ ಕೆಳಗಿರುವುದರಲ್ಲಿ ಹೊಡೆದರೆ ಅಲ್ಲಿ ಬ್ಲರ್ ಮಾತ್ರ ಹೋಗುತ್ತದೆ, ಫೋಟೋ ಉಳಿಯುತ್ತದೆ.

ಅಂಜನಾದ್ರಿ ಮೆಟ್ಟಿಲ ಮೇಲೆ ಜನವೋ ಜನ. ನಾಲ್ಕೈದು ಶಾಟ್ ತೆಗೆದು ಜನರನ್ನ ಅಳಿಸಬೇಕು ಅಂದ್ರೆ ಕಲ್ಲು ಜೋಡಣೆಯಾಗ್ತಿಲ್ಲ.

ಆನೆಗೊಂದಿ ಪಕ್ಕದ ಆ ಬೆಟ್ಟದ 575 ಮೆಟ್ಟಿಲು ಖಾಲಿ ಇರುವ ಹೊತ್ತು ಕಮ್ಮಿ. ಹಲವು ಶಾಟ್ ತೆಗೆದು ಮಾಸ್ಕ್ ಮಾಡೋದೇ ಸರಿ. ಆದರೆ ಕ್ರಮ ಮುಖ್ಯ. ಎಲ್ಲ ಲೇಯರ್ ಆರಿಸಿ ಎಡಿಟ್ ಮೆನುವಿನ ಆಟೋ ಅಲೈನ್ ಲೇಯರ್ಸ್ ಮೊದಲು, ಮಾಸ್ಕ್ ಆಮೇಲೆ. ಮಾಸ್ಕ್ ಹಾಕಿದ ಮೇಲೆ ಜೋಡಿಸಲು ಹೋದರೆ ಮಾಡಿದ ಕೆಲಸವೆಲ್ಲ ಜಾಗ ತಪ್ಪುತ್ತದೆ. ಕೈಯಲ್ಲಿ ಹಿಡಿದು ತೆಗೆದ ಫೋಟೋ ಆದರೂ ನಿಂತ ಜಾಗ ಬದಲಿಸದಿದ್ದರೆ ಜೋಡಣೆ ಸಾಕಷ್ಟು ಚೆನ್ನಾಗಿ ಬರುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಹೋಗಿದ್ದರೆ ಹತ್ತಿರದ ಬಂಡೆ, ದೂರದ ಗದ್ದೆ ಒಟ್ಟಿಗೆ ಕೂರುವುದೇ ಇಲ್ಲ.

ಜೋಡಣೆ ಆದ ಮೇಲೆ ಮೇಲಿನ ಲೇಯರ್‌ನಲ್ಲಿ ಒಬ್ಬೊಬ್ಬರ ಮೇಲೂ ಕಪ್ಪು ಬ್ರಶ್ ಹೊಡೆಯಿರಿ, ಕೆಳಗಿನ ಶಾಟ್‌ನ ಖಾಲಿ ಮೆಟ್ಟಿಲು ಕಾಣುತ್ತದೆ. ಮನುಷ್ಯ ಹೋಗಿ ಅವನ ನೆರಳು ಉಳಿಯೋದು ಇಲ್ಲಿ ಮಾಮೂಲಿ ತಪ್ಪು. ನೆರಳನ್ನೂ ಹುಡುಕಿ ಮುಚ್ಚಿ. ಒಂದು ತೇಪೆ ಮಾತ್ರ ಕಪ್ಪಗೆ ಅಥವಾ ಹಳದಿಯಾಗಿ ಎದ್ದು ಕಂಡರೆ ತಪ್ಪು ಮಾಸ್ಕ್‌ನದ್ದಲ್ಲ, ಶಾಟ್‌ಗಳ ಎಕ್ಸ್‌ಪೋಶರ್ ಅಥವಾ ವೈಟ್ ಬ್ಯಾಲೆನ್ಸ್ ಬೇರೆ ಬೇರೆ ಇದೆ. ಆ ಲೇಯರ್‌ಗೆ ಒಂದು ಕರ್ವ್ಸ್ ಕ್ಲಿಪ್ ಮಾಡಿ ಸರಿಹೊಂದಿಸಿ. ಮುಂದಿನ ಸಲ ಬೆಟ್ಟ ಹತ್ತುವ ಮೊದಲೇ ಕ್ಯಾಮೆರಾವನ್ನು ಮ್ಯಾನ್ಯುಯಲ್‌ಗೆ ಹಾಕಿ, ವೈಟ್ ಬ್ಯಾಲೆನ್ಸ್ ಆಟೋದಿಂದ ತೆಗೆದು ಬಿಸಿಲಿಗೆ ಇಡಿ.